ರೊಟ್ಟಿ ಹಿಡಿದು ಘಾಟಿ ದಾಟಿದ ಅಳಿಯ

ನಮ್ಮ ವಠಾರದ ಕಲ್ಮುರ್ಜಾ ತೋ-ಅಶೂ ಘಾಟಿಯನ್ನು ಹೇಗೆ ದಾಟಿದ ಎಂಬುದು ಅವನು ಎಷ್ಟು ಬಟ್ಟಲು ಚಹಾ ಕುಡಿದಿದ್ದಾನೆ ಎಂಬುದರ ಮೇಲೆ ನಿಂತಿದೆ. ಮೊದಲ ಬಟ್ಟಲಿಗೆ ಅವನು ಬೇಸಿಗೆಯಲ್ಲಿ ದಾಟಿರುತ್ತಾನೆ. ಎರಡನೆಯದಕ್ಕೆ ಹಿಮ ಬೀಳಲು ಶುರುವಾಗುತ್ತದೆ. ಮೂರನೆಯದು ಮುಗಿಯುವಷ್ಟರಲ್ಲಿ ಬ್ರೇಕು ಕೈಕೊಟ್ಟು, ದೀಪ ಆರಿ, ಎದುರಿಗೆ ತೋಳ ಬಂದು, ಇವನು ಮಾತ್ರ ಬಾಯಲ್ಲಿ ಸಿಗರೇಟು ಇಟ್ಟುಕೊಂಡು ನಗುನಗುತ್ತಾ ಇಳಿದು ಬಂದಿರುತ್ತಾನೆ. ಬಿಷ್ಕೆಕ್‌ನ ಬಜಾರಿನಲ್ಲಿ ಬೀಗ, ಚಿಲಕ ಮಾರುವ ಮನುಷ್ಯನಿಗೆ ಇಷ್ಟೆಲ್ಲ ಆಗಲು ಪುರುಸೊತ್ತಾದರೂ ಯಾವಾಗ ಸಿಕ್ಕಿತು ಎಂದು ನಾವು ಯಾರೂ ಕೇಳಲಿಲ್ಲ. ಚಹಾ ಅವನದೇ ಆಗಿರುತ್ತಿತ್ತು.

ನಿಜವಾಗಿ ಅವನು ಕಾರು ಹತ್ತಿಸಿದ ಅತಿ ಎತ್ತರದ ಜಾಗವೆಂದರೆ ರೈಲ್ವೆ ಮೇಲ್ಸೇತುವೆ. ಅಲ್ಲಿಯೂ ಅವನು ಪಕ್ಕಕ್ಕೆ ನೋಡುವವನಲ್ಲ.

ಅವನ ಹೆಂಡತಿ ಜಿಪಾರ್ ಇದೇ ಊರಿನಲ್ಲಿ, ಮೇಲಿನ ಕರೆಂಟು ತಂತಿ ಹಿಡಿದು ಓಡುವ ಟ್ರಾಲಿಬಸ್ ಓಡಿಸುತ್ತಾಳೆ. ಮಾತು ಕಡಿಮೆ. ತಂತಿಗೆ ಸಿಕ್ಕಿಸಿದ ಕೊಂಬು ಕಳಚಿದರೆ ಕೆಳಗಿಳಿದು ಹಗ್ಗ ಹಿಡಿದು ತಾನೇ ಸರಿಮಾಡಿ ಮತ್ತೆ ಹತ್ತುವ ಜಾತಿ. ಅವಳ ತವರು ಘಾಟಿಯ ಆಚೆ, ತಲಾಸ್ ಸೀಮೆಯ ಒಂದು ಹಳ್ಳಿ. ಅಪ್ಪ ಅಬ್ದಿಲ್ದಾ ತನ್ನ ಆಯುಷ್ಯವನ್ನೆಲ್ಲ ಆ ಘಾಟಿಯ ಮೇಲೆ ಲಾರಿ ಓಡಿಸುತ್ತಾ ಕಳೆದವನು. ಮಗಳಿಗೆ ಲಾರಿ ಕಲಿಸಿದವನೂ ಅವನೇ. ಆದರೆ ಅವನು ಕೆಲಸ ಬಿಟ್ಟ ದಿನ ಜಿಪಾರ್, 'ಲಾರಿ ನನಗೆ ಕೊಡಿ' ಎಂದು ಕೇಳಿದಾಗ, 'ಬೆಟ್ಟಕ್ಕೆ ಹೆಣ್ಣುಮಕ್ಕಳ ಪರಿಚಯ ಇಲ್ಲ' ಎಂದು ಹೇಳಿ ಅದನ್ನು ಗುರುತಿಲ್ಲದ ಯಾರಿಗೋ ಮಾರಿಬಿಟ್ಟ. ಮರುದಿನವೇ ಜಿಪಾರ್ ಪಟ್ಟಣದ ಬಸ್ಸು ಹತ್ತಿದಳು. ಅಪ್ಪ ಮಗಳ ನಡುವೆ ಅಂದಿನಿಂದ ಹವಾಮಾನದ ಮಾತು ಬಿಟ್ಟು ಬೇರೆ ಮಾತಿಲ್ಲ.

ನಮ್ಮಲ್ಲಿ ಮದುವೆಯಾದ ಹೆಣ್ಣು ಮೊದಲ ಸಲ ತವರಿಗೆ ಹೋಗುವುದೆಂದರೆ ಚೀಲ ಹಿಡಿದು ಹೊರಟುಬಿಡುವ ವಿಷಯವಲ್ಲ. ಗಂಡನ ಮನೆಯವರು ಜೀವಂತ ಕುರಿ, ಉಡುಗೊರೆ, ರೊಟ್ಟಿಗಳ ಸಮೇತ ಕರೆದುಕೊಂಡು ಹೋಗಬೇಕು. ಅಲ್ಲಿಯವರೆಗೆ ಅವಳು ಆ ಹೊಸ್ತಿಲು ತುಳಿಯುವ ಹಾಗಿಲ್ಲ. ಇದರ ಮೇಲೆ ಅಬ್ದಿಲ್ದಾ ತನ್ನದೂ ಒಂದು ಸೇರಿಸಿದ್ದ: ಅಳಿಯನಾದವನು ಬಾಡಿಗೆ ಗಾಡಿಯಲ್ಲಿ ಬಂದರೆ ಗೇಟು ತೆಗೆಯುವುದಿಲ್ಲ, ತಾನೇ ಓಡಿಸಿ ಘಾಟಿ ದಾಟಿಸಿ ತಂದವನಿಗೆ ಮಾತ್ರ ಔತಣದಲ್ಲಿ ದೊಡ್ಡ ಅತಿಥಿಗೆ ಸಲ್ಲುವ ಕುರಿಯ ತಲೆ.

ಮದುವೆಯಾಗಿ ಐದು ವರ್ಷವಾಯಿತು. ಒಂದು ವರ್ಷ ಹಿಮ ಜಾಸ್ತಿ, ಒಂದು ವರ್ಷ ಟೈರು ಸವೆದಿದೆ, ಒಂದು ವರ್ಷ ಘಾಟಿಯಲ್ಲಿ ಬಂಡೆ ಉರುಳುತ್ತಿದೆ ಎಂದು ಕಲ್ಮುರ್ಜಾ ದಿನ ದೂಡಿದ. ಈ ಜೂನ್‌ನಲ್ಲಿ ಅವನ ತಾಯಿ ಸಯ್ಕಲ್ ಅಪಾಳ ತಾಳ್ಮೆಯ ಕಟ್ಟೆ ಒಡೆಯಿತು. ವಠಾರದ ನಡುವೆ ನಿಂತು ನಮಗೆಲ್ಲ ಕೇಳಿಸುವ ಹಾಗೆ ಹೇಳಿದಳು:

"ಲೋ, ಸೊಸೇನ ತವರಿಗೆ ಕಳಿಸದೆ ಇಟ್ಕೊಂಡಿದೀವಿ ಅಂತ ಬಜಾರೆಲ್ಲ ನನ್ನ ಮುಖಕ್ಕೆ ಉಗೀತಿದೆ. ಕುರಿ ತಂದಾಯ್ತು, ರೊಟ್ಟಿ ಸುಟ್ಟಾಯ್ತು. ತೋಳ ಅಡ್ಡ ಬಂದಾಗ್ಲೇ ನಗುನಗ್ತಾ ಬಂದೋನಲ್ವಾ ನೀನು? ಹೊರಡು!"

ನಾವೆಲ್ಲ ಚಪ್ಪಾಳೆ ತಟ್ಟಿದೆವು. ಕಲ್ಮುರ್ಜಾ ತನ್ನ ಬಿಳಿ ಉಣ್ಣೆಯ ಟೋಪಿ ಸರಿಮಾಡಿಕೊಂಡು ಕಾರು ಹತ್ತಿದ. ಮುಖ ಮಾತ್ರ ಹಲ್ಲು ಕೀಳಿಸಲು ಹೊರಟವನದು. ಮುಂದೆ ನಡೆದದ್ದನ್ನು ಸಯ್ಕಲ್ ಅಪಾ ಹೇಳಿದಂತೆ ಬರೆಯುತ್ತಿದ್ದೇನೆ. ಕಲ್ಮುರ್ಜಾ ಹೇಳುವುದು ಬೇರೆಯೇ ಇದೆ, ಅದಕ್ಕೆ ಚಹಾ ಬೇಕು.

ಆ ಕಾರಿನ ವಿಷಯ ಒಂದು ಮಾತು. ನಮ್ಮ ರಸ್ತೆಯಲ್ಲಿ ಗಾಡಿಗಳು ಬಲಕ್ಕೆ ಹೋಗುತ್ತವೆ, ಡ್ರೈವರ್ ಎಡಕ್ಕೆ ಕೂರುತ್ತಾನೆ. ಆದರೆ ಜಪಾನಿನಿಂದ ಬರುವ ಹಳೆಯ ಅಗ್ಗದ ಕಾರುಗಳಲ್ಲಿ ಸ್ಟಿಯರಿಂಗ್ ಬಲಗಡೆ ಇರುತ್ತದೆ. ಕಲ್ಮುರ್ಜಾನದು ಅಂಥದ್ದು. ಬಲಗಡೆ ಕೂತು ಓಡಿಸುವವನನ್ನು ಎದುರಿನವರು ಗಮನಿಸುವುದೇ ಇಲ್ಲ. ಅಭ್ಯಾಸಬಲದಿಂದ ಎಲ್ಲರ ಕಣ್ಣೂ ಎಡಗಡೆ ಸೀಟಿಗೇ ಹೋಗುತ್ತದೆ.

ಬಯಲಿನಲ್ಲಿ ಕಲ್ಮುರ್ಜಾ ಚೆನ್ನಾಗಿಯೇ ಓಡಿಸಿದ. ಹಾಡಿದ ಕೂಡ. ಘಾಟಿಯ ಬುಡದಲ್ಲಿ ರಸ್ತೆ ತಲೆ ಎತ್ತಿ ಮೇಲೆ ನೋಡಿದ್ದೇ ತಡ, ಹಾಡು ನಿಂತಿತು. ಮೊದಲ ತಿರುವಿನಲ್ಲಿ ಕೆಳಗಿನ ಹೊಳೆ ದಾರದಷ್ಟು ಸಣ್ಣಗೆ ಕಂಡಿತು. ಕಾರು ಪಕ್ಕಕ್ಕೆ ನಿಂತಿತು.

"ಎಂಜಿನ್ನಿಂದ ಏನೋ ವಾಸನೆ ಬರ್ತಿದೆ," ಎಂದ.

"ಅದು ಕುರಿ," ಎಂದಳು ಹಿಂದಿನ ಸೀಟಿನಿಂದ ತಾಯಿ. ಕುರಿಯೂ ಡಿಕ್ಕಿಯಿಂದ ಹೌದೆಂದಿತು.

ಜಿಪಾರ್ ಅವನ ಮುಖ ನೋಡಿದಳು. ಹಣೆಯಲ್ಲಿ ಬೆವರು, ತುಟಿ ಬಿಳಿಚಿಕೊಂಡಿದೆ. ಅವಳು ಕೆಳಗಿಳಿದು ಸುತ್ತಿ ಬಂದು ಅವನ ಬಾಗಿಲು ತೆಗೆದಳು.

"ಇಳೀರಿ. ನಾನು ಓಡಿಸ್ತೀನಿ."

"ನೀನಾ? ಇದು ತೋ-ಅಶೂ ಕಣೆ! ನಿನ್ನ ಟ್ರಾಲಿಬಸ್ಸಿನ ತಂತಿ ಇಲ್ಲಿಲ್ಲ."

"ನಿಮ್ಮ ತೋಳಾನೂ ಇಲ್ಲ. ಇಳೀರಿ."

ಇಳಿದ. ಇಳಿಯುವಾಗ ಕಲ್ಲು ಬಂಡೆಯನ್ನು ಹಿಡಿದುಕೊಂಡು, ಕೆಳಗೆ ನೋಡದೆ, ಏಡಿಯ ಹಾಗೆ ಅಡ್ಡಡ್ಡವಾಗಿ ನಡೆದು ಎಡಗಡೆ ಸೀಟಿಗೆ ಬಂದು ಬಿದ್ದ. ಸೀಟಿಗೆ ಬಿದ್ದ ಮೇಲೆ ಗಂಡಸುತನ ಮರಳಿತು. "ಯಾರಿಗೂ ಗೊತ್ತಾಗಬಾರದು," ಎಂದ. "ಗೊತ್ತಾದ್ರೆ ನಿಮ್ಮಪ್ಪ ಗೇಟೇ ತೆಗೆಯೋದಿಲ್ಲ. ನಿನಗೋಸ್ಕರಾನೇ ಹೇಳ್ತಿರೋದು."

ಜಿಪಾರ್ ಗೇರು ಹಾಕಿದಳು. ಕಾರಿಗೆ ತನ್ನ ಮೇಲೆ ಯಾರು ಕೂತಿದ್ದಾರೆಂದು ತಕ್ಷಣ ತಿಳಿದಿರಬೇಕು. ಅಲ್ಲಿಯವರೆಗೆ ಕೆಮ್ಮುತ್ತಿದ್ದದ್ದು ಸರಾಗವಾಗಿ ಏರತೊಡಗಿತು.

ನಾಲ್ಕು ತಿರುವು ಕಳೆದಿತ್ತೋ ಇಲ್ಲವೋ, ಎದುರಿನಿಂದ ಒಂದು ನೀಲಿ ಲಾರಿ ಇಳಿದು ಬಂತು. ಬಜಾರಿನ ಪಕ್ಕದ ಅಂಗಡಿಯ ಮೆದೆರನದು! ಕಲ್ಮುರ್ಜಾನ ಪ್ರಾಣ ಬಾಯಿಗೆ ಬಂತು. ಅವನು ಎಡಗಡೆ ಕೂತಿದ್ದಾನೆ, ಮುಂದೆ ಸ್ಟಿಯರಿಂಗೇ ಇಲ್ಲ. ತಾಯಿಯ ಮಡಿಲಲ್ಲಿ ಬಟ್ಟೆ ಸುತ್ತಿದ ತಂದೂರಿ ರೊಟ್ಟಿಗಳಿದ್ದವು, ದುಂಡಗೆ, ದಪ್ಪಗೆ, ಒಂದೊಂದೂ ತಟ್ಟೆಯಷ್ಟು. ಕೈ ಹಿಂದಕ್ಕೆ ಹಾಕಿ ಮೇಲಿನ ರೊಟ್ಟಿ ಕಿತ್ತು, ಎದೆಯ ಮುಂದೆ ಎರಡೂ ಕೈಯಲ್ಲಿ ಹಿಡಿದು, ತಿರುವಿಗೆ ಸರಿಯಾಗಿ ರೊಟ್ಟಿಯನ್ನೂ ತಿರುಗಿಸಿದ.

ಮೆದೆರ್ ಹಾರನ್ ಹೊಡೆದು ಕೈ ಬೀಸಿದ. ಕಲ್ಮುರ್ಜಾ ರೊಟ್ಟಿಯಿಂದ ಒಂದು ಕೈ ತೆಗೆದು ಗಂಭೀರವಾಗಿ ಮೇಲೆತ್ತಿದ.

"ರೊಟ್ಟಿ ಕಣೋ ಅದು!" ತಾಯಿ ಕಿರುಚಿದಳು. "ನೆಲಕ್ಕೆ ಬಿದ್ರೆ ಎತ್ತಿ ಕಣ್ಣಿಗೊತ್ಕೊಳ್ಳೋ ಅನ್ನ! ಅದನ್ನ ಹಿಡ್ಕೊಂಡು ಆಟ ಆಡ್ತೀಯಾ? ಮಗುಚ್ಬೇಡ, ಮಗುಚ್ಬೇಡ, ಮೇಲ್ಮುಖ ಮೇಲಿರ್ಲಿ!"

ಆದರೆ ಮಗನಿಗೆ ರುಚಿ ಹತ್ತಿತ್ತು. ಅಲ್ಲಿಂದ ಮುಂದೆ ರೊಟ್ಟಿ ಕೆಳಗಿಡಲಿಲ್ಲ. ಜಿಪಾರ್ ಬಲಕ್ಕೆ ತಿರುಗಿಸಿದರೆ ಇವನೂ ಬಲಕ್ಕೆ, ಅವಳು ಎಡಕ್ಕೆ ಅಂದರೆ ಇವನೂ ಎಡಕ್ಕೆ. ಕಾಲಿನಿಂದ ಬರಿಯ ನೆಲಕ್ಕೆ ಬ್ರೇಕು ಒತ್ತುತ್ತಾ, "ನಿಧಾನ, ಈಗ ಬಿಡು, ಹಾಂ, ಹಾಗೆ" ಎಂದು ಪಾಠ ಬೇರೆ. ಬದಿಯ ಕಂಬಿ ಮುಗಿದು ಬರಿಯ ಆಕಾಶ ಶುರುವಾದಾಗ ಮಾತ್ರ ಪಾಠ ನಿಂತಿತು. ಅವನು ಕಣ್ಣು ಗಟ್ಟಿಯಾಗಿ ಮುಚ್ಚಿ, ರೊಟ್ಟಿಯನ್ನು ಎದೆಗವಚಿ, ಅಜ್ಜಿ ಕಲಿಸಿದ ಪ್ರಾರ್ಥನೆಗಳನ್ನೆಲ್ಲ ಒಂದಕ್ಕೊಂದು ಬೆರೆಸಿ ಹೇಳತೊಡಗಿದ.

ಸರಿಯಾಗಿ ಅದೇ ಹೊತ್ತಿಗೆ ಹಿಂದಿನಿಂದ ಒಂದು ಬಾಡಿಗೆ ವ್ಯಾನು ಎಡಗಡೆಯಿಂದ ಹಾದು ಮುಂದೆ ಹೋಯಿತು. ಓಡಿಸುತ್ತಿದ್ದವನು ಜಿಪಾರಳ ಊರಿನ ನೂರ್ಗಾಜಿ. ಅವನ ಬಾಯಿಗೆ ಬಿದ್ದ ಸುದ್ದಿ ಅವನ ವ್ಯಾನಿಗಿಂತ ಮೊದಲು ಊರು ಮುಟ್ಟುತ್ತದೆ. ವ್ಯಾನಿನ ಕಿಟಕಿಗಳಲ್ಲಿದ್ದ ಮುಖಗಳೆಲ್ಲ ಇತ್ತ ತಿರುಗಿದವು. ಅವರಿಗೆ ಕಂಡದ್ದು ಇಷ್ಟು: ಬಿಳಿ ಟೋಪಿಯ ದಪ್ಪ ಮನುಷ್ಯನೊಬ್ಬ ಡ್ರೈವರ್ ಜಾಗದಲ್ಲಿ ಕೂತು, ಎರಡೂ ಕಣ್ಣು ಮುಚ್ಚಿ, ಎರಡೂ ಕೈಯಲ್ಲಿ ರೊಟ್ಟಿ ಹಿಡಿದು, ತೋ-ಅಶೂವಿನ ಅತಿ ಕೆಟ್ಟ ತಿರುವನ್ನು ಬೆಣ್ಣೆಯಲ್ಲಿ ಚಾಕು ಆಡಿಸಿದ ಹಾಗೆ ತೆಗೆಯುತ್ತಿದ್ದಾನೆ. ಆ ವಿಶಾಲ ದೇಹದ ಆಚೆ ಇನ್ನೊಬ್ಬಳು ಕೂತಿರುವುದು ಯಾರಿಗೂ ಕಾಣಲಿಲ್ಲ.

ಘಾಟಿಯ ತುದಿಯಲ್ಲಿರುವ ಸುರಂಗದ ಬಾಯಲ್ಲಿ ಒಬ್ಬ ಟ್ರಾಫಿಕ್ ಪೋಲೀಸ್ ಕೋಲು ಅಡ್ಡ ಹಿಡಿದು ನಿಲ್ಲಿಸಿದ. ನೂರ್ಗಾಜಿ ಆಗಲೇ ದೂರು ಕೊಟ್ಟು, ಇಲ್ಲ, ಕಥೆ ಹೇಳಿ ಹೋಗಿದ್ದ. ಪೋಲೀಸಿನವನು ನೇರವಾಗಿ ಎಡಗಡೆ ಕಿಟಕಿಗೆ ಬಂದ.

"ಬೈಕೆ," ಎಂದ, ಅಣ್ಣನೆಂಬ ಮರ್ಯಾದೆ ಕೊಟ್ಟು, "ಕಣ್ಣು ಮುಚ್ಕೊಂಡು ಗಾಡಿ ಓಡಿಸ್ತಿದ್ರಂತೆ?"

ಹಿಂದೆ ಲಾರಿಗಳ ಸಾಲು ನಿಂತಿತ್ತು. ಗಂಡಸರು ತಲೆ ಹೊರಗೆ ಹಾಕಿ ಕೇಳುತ್ತಿದ್ದರು. ಕಲ್ಮುರ್ಜಾ ಎದೆ ಉಬ್ಬಿಸಿ, "ಅಭ್ಯಾಸ ಆಗ್ಬಿಟ್ಟಿದೆ," ಎಂದ.

"ಮತ್ತೆ ಊಟಾನೂ ಮಾಡ್ತಾ ಇದ್ರಂತೆ? ಈ ರೊಟ್ಟಿ ಏನು?"

"ಇದಾ? ಇದು..." ಎಂದು ಕಲ್ಮುರ್ಜಾ ರೊಟ್ಟಿ ನೋಡಿದ. ರೊಟ್ಟಿಯ ಅಂಚಿನಲ್ಲಿ ಅವನ ಹತ್ತೂ ಬೆರಳಿನ ಗುರುತು ಮೂಡಿತ್ತು.

"ಅದು ಸ್ಟಿಯರಿಂಗ್ ಕಣಪ್ಪಾ," ಎಂದಳು ಹಿಂದಿನಿಂದ ಸಯ್ಕಲ್ ಅಪಾ. "ನಮ್ಮ ಮನೇಲಿ ಸೊಸೆ ಕಾರು ಓಡಿಸ್ತಾಳೆ, ಮಗ ರೊಟ್ಟಿ ಓಡಿಸ್ತಾನೆ."

ಪೋಲೀಸಿನವನು ಬಗ್ಗಿ ಆಚೆ ನೋಡಿದ. ಜಿಪಾರ್ ತನ್ನ ಲೈಸೆನ್ಸು ಚಾಚಿದಳು. ಅದನ್ನು ನೋಡಿದ, ಅವಳನ್ನು ನೋಡಿದ, ರೊಟ್ಟಿಯನ್ನು ನೋಡಿದ. ಆಮೇಲೆ ಬೆನ್ನು ತಿರುಗಿಸಿ ನಿಂತ. ಭುಜಗಳು ಕುಣಿಯುತ್ತಿದ್ದವು. ತಿರುಗಿದಾಗ ಕಣ್ಣಲ್ಲಿ ನೀರು.

"ಹೊರಡಿ ಅಕ್ಕಾ," ಎಂದ. "ಬೈಕೆ, ಸುರಂಗದಲ್ಲಿ ಕತ್ತಲೆ ಜಾಸ್ತಿ. ರೊಟ್ಟಿ ಗಟ್ಟಿಯಾಗಿ ಹಿಡ್ಕೊಳ್ಳಿ."

ಯಾವ ಮನುಷ್ಯನಿಗಾದರೂ ಇಷ್ಟು ಸಾಕಿತ್ತು. ಆದರೆ ಸುರಂಗದ ಆಚೆ, ಸುಸಾಮಿರ್ ಹುಲ್ಲುಗಾವಲಿನಲ್ಲಿ, ಕುದುರೆ ಹಾಲಿನ ಕುಮಿಸ್ ಮಾರುವ ಡೇರೆಯ ಮುಂದೆ ಜನ ಕಾಯುತ್ತಿದ್ದರು. ನೂರ್ಗಾಜಿ ಅಲ್ಲಿಯೂ ಇಳಿದು ಹೋಗಿದ್ದ.

"ಕಣ್ಣು ಮುಚ್ಚಿ ಬಂದೋರು ನೀವೇನಾ?" ಎಂದು ಡೇರೆಯ ಯಜಮಾನ ದೊಡ್ಡ ಬಟ್ಟಲು ತುಂಬಿ ಕೊಟ್ಟ. "ಕಾಲಲ್ಲೂ ಏನೋ ಮಾಡ್ತಿದ್ರಂತಲ್ಲ?"

ಕಲ್ಮುರ್ಜಾ ಕುಮಿಸ್ ಹೀರಿ ಮೀಸೆ ಒರೆಸಿಕೊಂಡು, "ಅದೇನು ಮಹಾ," ಎಂದ. ಎರಡನೆಯ ಬಟ್ಟಲಿಗೆ ಅವನಿಗೆ ತಾನೇ ಓಡಿಸಿದ್ದು ಎಂಬುದು ಖಾತ್ರಿಯಾಗಿತ್ತು. ಕಾರಿಗೆ ಮರಳಿದವನು, "ನೋಡಿದ್ಯಾ? ಒಂದು ಹೆಸರು ಅಂತ ಇದ್ರೆ..." ಎಂದು ಶುರುಮಾಡಿದ.

ಜಿಪಾರ್ ಕಾರಿನ ಕೀಲಿ ತಿರುಗಿಸದೆಯೇ ಕೂತಳು.

"ಕೇಳಿ. ಐದು ವರ್ಷ ನೀವು ಹೇಳಿದ್ದನ್ನೆಲ್ಲ ಕೇಳ್ಕೊಂಡಿದ್ದೆ. ವಠಾರದಲ್ಲಿ ಏನು ಬೇಕಾದ್ರೂ ಕೊಚ್ಕೊಳ್ಳಿ. ಆದ್ರೆ ನಮ್ಮಪ್ಪ ನನ್ನ ಲಾರೀನ ನನ್ನ ಕಣ್ಣೆದುರೇ ಮಾರಿದ್ರು. ಈ ಘಾಟಿ ನಾನು ದಾಟಿದೀನಿ ಅಂತ ಅವರಿಗೆ ಗೊತ್ತಾಗ್ಬೇಕು. ಅವರ ಮುಂದೆ ಸುಳ್ಳು ಹೇಳಿದ್ರೆ, ವಾಪಸ್ ಬರೋವಾಗ ಸ್ಟಿಯರಿಂಗ್ ನಿಮ್ಮ ಕೈಗೆ ಕೊಟ್ಟು ನಾನು ರೊಟ್ಟಿ ಹಿಡ್ಕೋತೀನಿ."

ಕುಮಿಸ್‌ನ ಅಮಲು ಅಲ್ಲಿಗೇ ಇಳಿಯಿತು.

ಸಂಜೆಗೆ ಹಳ್ಳಿ ತಲುಪಿದರು. ರಾಜ್ಮಾ ಹೊಲಗಳ ನಡುವಿನ ಆ ಬೀದಿಯಲ್ಲಿ ನಡೆದಾಡಬಲ್ಲವರೆಲ್ಲ ಹೊರಗಿದ್ದರು. ಅಳಿಯ ಬರುವ ದಿನವೆಂದು ಮೊದಲೇ ಗೊತ್ತಿದ್ದ ಊರಿಗೆ, ಕಣ್ಣು ಮುಚ್ಚಿ ಘಾಟಿ ದಾಟಿದವನು ಅವನೇ ಎಂದು ನೂರ್ಗಾಜಿ ಸಾರಿಬಿಟ್ಟಿದ್ದ. ಗೇಟು, ಐದು ವರ್ಷ ಮುಚ್ಚಿದ್ದ ಗೇಟು, ಎರಡೂ ಬಾಗಿಲು ಹಾರುಹೊಡೆದುಕೊಂಡಿತ್ತು. ಕಾರು ನಿಲ್ಲುವುದಕ್ಕೂ ಪುರುಸೊತ್ತು ಕೊಡದೆ ಜನ ಎಡಗಡೆ ಬಾಗಿಲಿಗೆ ಮುತ್ತಿದರು. ಕಲ್ಮುರ್ಜಾನನ್ನು ಹೊರಗೆಳೆದು, ಹೆಗಲಿಗೆ ಹಾಕಿಕೊಂಡು, ರೊಟ್ಟಿಯ ಸಮೇತ ಒಳಗೆ ಒಯ್ದರು. ಅವನು "ಅಲ್ಲ, ಸ್ವಲ್ಪ..." ಎಂದದ್ದು ಗದ್ದಲದಲ್ಲಿ ಕರಗಿತು. ಬಲಗಡೆ ಬಾಗಿಲಿಗೆ ಯಾರೂ ಬರಲಿಲ್ಲ. ಜಿಪಾರ್ ಸ್ಟಿಯರಿಂಗ್ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ಒಬ್ಬಳೇ ಕೂತಿದ್ದಳು. ಇದನ್ನು ಹೇಳುವಾಗ ಸಯ್ಕಲ್ ಅಪಾ ನಗುವುದಿಲ್ಲ. "ನನ್ನ ಹೊಟ್ಟೆ ಉರೀತು," ಎನ್ನುತ್ತಾಳೆ.

ಅಬ್ದಿಲ್ದಾ ಅಳಿಯನನ್ನು ತಬ್ಬಿ ಬಿಟ್ಟ ಮೇಲೆ ಮಗಳನ್ನು ನೋಡಿದ. "ಬಾ ಮಗಳೇ. ದಾರೀಲಿ ಹೆದರಿಕೆ ಆಯ್ತಾ?"

"ನನಗಿಲ್ಲ, ಆಟಾ," ಎಂದಳು ಜಿಪಾರ್ ಅಪ್ಪನಿಗೆ. "ನಮ್ಮನೆಯವರಿಗೆ ಆಯ್ತು."

ಇಡೀ ಅಂಗಳ ಬಿದ್ದು ಬಿದ್ದು ನಕ್ಕಿತು. ಎಂಥ ತಮಾಷೆಯ ಹುಡುಗಿ ಎಂದರು.

ಔತಣಕ್ಕೆ ಕೂತರು. ಬೇಯಿಸಿದ ಕುರಿಯ ತಲೆ ತಟ್ಟೆಯಲ್ಲಿ ಬಂದು ಕಲ್ಮುರ್ಜಾನ ಮುಂದೆ ನಿಂತಿತು, ಅದರ ಪಕ್ಕ ಒಂದು ಚೂರಿ. ಎದುರಿಗೆ ಜಿಪಾರ್ ಕೂತಿದ್ದಳು. ಕಲ್ಮುರ್ಜಾ ಚೂರಿ ಮುಟ್ಟಿದ, ಹೆಂಡತಿಯ ಕಣ್ಣು ನೋಡಿದ, ಚೂರಿ ಬಿಟ್ಟ. ಕುರಿಯ ಕಣ್ಣೂ ಅವನನ್ನೇ ನೋಡುತ್ತಿದ್ದಂತಿತ್ತು.

"ಸಂಕೋಚ!" ಎಂದು ನೂರ್ಗಾಜಿ ಕೂಗಿದ. "ಇಷ್ಟು ದೊಡ್ಡ ಮನುಷ್ಯ, ಎಷ್ಟು ಸಂಕೋಚ ನೋಡಿ! ಅಬ್ದಿಲ್ದಾ ಆಟಾ, ತಲೆ ಕೊಯ್ಯೋಕೆ ಮೊದಲು ನಮಗೂ ಒಂದ್ಸಲ ತೋರಿಸ್ಲಿ. ಕಣ್ಣು ಮುಚ್ಕೊಂಡು ಬೀದಿ ಸುತ್ತಿ ಬರ್ಲಿ!"

ಅಬ್ದಿಲ್ದಾಗೂ ಅದೇ ಆಸೆ ಇತ್ತು. ನಲವತ್ತು ವರ್ಷ ಲಾರಿ ಓಡಿಸಿಯೂ ಅವನಿಗೆ ಬಾರದ ವಿದ್ಯೆ ಇದು. ಕಲ್ಮುರ್ಜಾ ಹೊಟ್ಟೆನೋವು ಎಂದ, ಕೈ ನೋವು ಎಂದ, ಕಾರಿಗೆ ಸುಸ್ತಾಗಿದೆ ಎಂದ. ಯಾರೂ ಕೇಳಲಿಲ್ಲ. ಬಲಗಡೆ ಸೀಟಿನಲ್ಲಿ ಕೂರಿಸಿದರು. ಎಡಗಡೆ ಬಾಗಿಲಿನಿಂದ ಇಳಿಸಿಕೊಂಡವನ ಸ್ಟಿಯರಿಂಗ್ ಬಲಗಡೆ ಹೇಗೆ ಬಂತು, ಆ ಸೀಟು ಯಾಕೆ ಹೆಂಗಸಿನ ಅಳತೆಗೆ ಮುಂದಕ್ಕೆ ಎಳೆದಿದೆ ಎಂದು ಒಬ್ಬನಾದರೂ ಯೋಚಿಸಬೇಕಿತ್ತು, ಯೋಚಿಸಲಿಲ್ಲ. ಮಾವನೇ ತನ್ನ ಅಂಗಿಯ ಮೇಲೆ ನಡುವಿಗೆ ಸುತ್ತಿದ್ದ ಬಟ್ಟೆಪಟ್ಟಿ ಬಿಚ್ಚಿ ಅಳಿಯನ ಕಣ್ಣಿಗೆ ಕಟ್ಟಿ, ಮದುವೆಗೆ ಹೊರಟ ಹುಡುಗನ ಉತ್ಸಾಹದಲ್ಲಿ ಎಡಗಡೆ ಹತ್ತಿ ಕೂತ.

ಬೀದಿ ನೇರವಾಗಿತ್ತು, ಸಮತಟ್ಟಾಗಿತ್ತು, ಅಗಲವಾಗಿತ್ತು. ಕಾರು ಒಮ್ಮೆ ಹಾರಿ, ಒಮ್ಮೆ ನಿಂತು, ಆಮೇಲೆ ಬೀದಿಯನ್ನು ಬಿಟ್ಟು ಪಕ್ಕದ ಮನೆಯ ಕುಲುಯ್ಪಾಳ ಅಂಗಳಕ್ಕೆ ನುಗ್ಗಿ, ಚಳಿಗಾಲಕ್ಕೆಂದು ಅವಳು ಒಟ್ಟಿದ್ದ ಬೆರಣಿ ರಾಶಿಯೊಳಗೆ ಬಾಗಿಲಿನವರೆಗೂ ಹೊಕ್ಕು ಶಾಂತವಾಯಿತು. ಧೂಳು ಇಳಿದಾಗ ಒಳಗೆ ಇಬ್ಬರು ಕೂತಿದ್ದರು, ಇಬ್ಬರೂ ಒಂದೇ ಬಣ್ಣ.

"ಅಯ್ಯೋ ನಿಮ್ಮ ಕೈ ಸೇದಿಹೋಗ!" ಕುಲುಯ್ಪಾ ಪೊರಕೆ ಹಿಡಿದು ಬಂದಳು. "ಹಿಮ ಕರಗಿದಾಗಿಂದ ತಟ್ಟಿದೀನಿ! ಕಣ್ಣಿಲ್ವಾ ನಿಮಗೆ?"

"ಇಲ್ಲ ಅಪಾ, ಕಟ್ಟಿದಾರೆ," ಎಂದ ಕಲ್ಮುರ್ಜಾ ಒಳಗಿನಿಂದ.

ಸೋಲೊಪ್ಪುವವನಲ್ಲ ನೂರ್ಗಾಜಿ. "ತಪ್ಪು ನಮ್ಮದೇ!" ಎಂದ. "ಹುಲೀನ ತಂದು ಕೋಳಿಗೂಡಲ್ಲಿ ಬಿಟ್ರೆ ಹೇಗೆ? ಈತ ಬೆಟ್ಟದ ಮನುಷ್ಯ, ಸಮ ನೆಲ ಅಭ್ಯಾಸ ಇಲ್ಲ. ಈಗಲೇ ಘಾಟಿಗೆ ಕರ್ಕೊಂಡು ಹೋಗೋಣ. ಕಂಬಿ ಇಲ್ದಿರೋ ಜಾಗಕ್ಕೆ!"

"ಹೌದು, ಘಾಟಿಗೇ ನಡೀರಿ!" ಎಂದಿತು ಬೀದಿ. ಅಬ್ದಿಲ್ದಾ ಗಡ್ಡದ ಬೆರಣಿ ಪುಡಿ ಕೊಡವಿಕೊಂಡು, "ನಡಿ ಅಳಿಯಾ," ಎಂದ.

ಧೈರ್ಯವಂತರು ಸತ್ಯ ಹೇಳುತ್ತಾರೆ ಎಂದು ಪುಸ್ತಕಗಳಲ್ಲಿ ಬರೆದಿರುತ್ತದೆ. ನಮ್ಮ ಕಲ್ಮುರ್ಜಾನ ಬಾಯಿಂದ ಸತ್ಯವನ್ನು ಹೊರಡಿಸಿದ್ದು ಶುದ್ಧ ಭಯ. ಅವನು ಕಣ್ಣಿನ ಬಟ್ಟೆ ಕಿತ್ತು, ಬೆರಣಿಯ ಮೇಲೇ ಮೊಣಕಾಲೂರಿ, ಮಾವನ ಎರಡೂ ಕೈ ಹಿಡಿದುಕೊಂಡ.

"ಆಟಾ, ದಮ್ಮಯ್ಯ, ಘಾಟಿಗೆ ಬೇಡ! ಕಣ್ಣು ಮುಚ್ಚಿದ್ದು ನಾನೇ, ಅದು ನಿಜ. ಗಾಡಿ ಓಡಿಸಿದ್ದು ನಿಮ್ಮ ಮಗಳು!"

ಕುಲುಯ್ಪಾಳ ಪೊರಕೆ ಕೂಡ ಗಾಳಿಯಲ್ಲೇ ನಿಂತಿತು.

"ಬುಡದಿಂದ?" ಎಂದ ಅಬ್ದಿಲ್ದಾ.

"ಬುಡದಿಂದ. ಸುರಂಗ, ಸುಸಾಮಿರ್, ಆಮೇಲಿನ ಘಾಟಿ, ನಿಮ್ಮ ಗೇಟಿನ ತನಕ. ನಾನು ರೊಟ್ಟಿ ಹಿಡಿದಿದ್ದೆ."

"ಅದನ್ನೂ ಮಗುಚಿ ಹಿಡಿದಿದ್ದ," ಎಂದಳು ಸಯ್ಕಲ್ ಅಪಾ. "ಬೀಗ್ರೇ, ನಾನು ಹಿಂದೆ ಕೂತು ಅರ್ಧ ದಾರಿ ನಿದ್ದೆ ಮಾಡ್ದೆ. ನನ್ನ ಮಗ ಓಡಿಸಿದ್ರೆ ಸತ್ರೂ ಕಣ್ಣು ಮುಚ್ತಿರ್ಲಿಲ್ಲ."

ಅಬ್ದಿಲ್ದಾ ಮಗಳ ಹತ್ತಿರ ನಡೆದ. ಗಂಡಸರು ದಾರಿ ಬಿಟ್ಟರು.

"ಕಂಬಿ ಇಲ್ದಿರೋ ತಿರುವು," ಎಂದ. "ಅಲ್ಲಿ ನಾನು ಪ್ರತೀ ಸಲ ಉಸಿರು ಬಿಗಿ ಹಿಡೀತಿದ್ದೆ. ಯಾರಿಗೂ ಹೇಳಿಲ್ಲ."

"ನನಗೆ ಗೊತ್ತಿತ್ತು ಆಟಾ. ನಾನು ಪಕ್ಕದಲ್ಲೇ ಕೂತಿರ್ತಿದ್ದೆ."

ಮುದುಕ ಮಗಳ ತಲೆಯ ಮೇಲೆ ಕೈಯಿಟ್ಟ. "ಆ ಲಾರಿ ನಿನಗೆ ಕೊಡ್ಬೇಕಿತ್ತು. ಬೆಟ್ಟದ ಮೇಲೆ ಹಾಕಿ ಹೇಳ್ದೆ ನಾನು. ಬೆಟ್ಟ ಏನೂ ಅಂದಿರ್ಲಿಲ್ಲ." ಆಮೇಲೆ ಬೀದಿಯ ಕಡೆ ತಿರುಗಿ, ಲಾರಿಯ ಹಾರನ್ನಿನಂಥ ತನ್ನ ಹಳೆಯ ದನಿಯಲ್ಲಿ ಕೂಗಿದ: "ಘಾಟಿ ದಾಟಿಸಿ ತಂದವರಿಗೆ ತಲೆ ಅಂದಿದ್ದೆ. ಮಾತು ತಪ್ಪೋದಿಲ್ಲ! ಕಾರು ಹೊರಗೆ ತಗೀರಿ. ನನ್ನ ಮಗಳು ಇನ್ನೊಂದ್ಸಲ ಬರ್ತಾಳೆ, ಸರಿಯಾಗಿ ನೋಡಿ. ಬಲಗಡೆ ನೋಡಿ!"

ಗಂಡಸರೆಲ್ಲ ಸೇರಿ ಕಾರನ್ನು ಬೆರಣಿಯಿಂದ ಎಳೆದರು. ಜಿಪಾರ್ ಹತ್ತಿ ಕೂತು, ಬೀದಿಯ ಕೊನೆಯವರೆಗೆ ಹೋಗಿ, ಅಲ್ಲಿಂದ ಗೇಟಿನವರೆಗೆ ಒಂದೇ ಓಟದಲ್ಲಿ ಹಿಮ್ಮುಖವಾಗಿ ಬಂದು, ಎರಡು ಕಂಬಗಳ ನಡುವೆ ನುಸುಳಿಸಿ, ಔತಣದ ಚಾಪೆಯ ಅಂಚಿಗೆ ಸರಿಯಾಗಿ ನಿಲ್ಲಿಸಿದಳು. ಹೆಂಗಸರು ಕೂಗಿದ ಕೂಗಿಗೆ ಊರಿನ ನಾಯಿಗಳೆಲ್ಲ ಎದ್ದವು. ಕುಲುಯ್ಪಾ ಪೊರಕೆಯನ್ನೇ ಬಾವುಟದಂತೆ ಬೀಸಿದಳು. ನೂರ್ಗಾಜಿಯಂತೂ ಆಗಲೇ ಪಕ್ಕದವನಿಗೆ, "ನಾನು ಅಲ್ಲೇ ಅಂದ್ಕೊಂಡೆ, ಇದು ಅಬ್ದಿಲ್ದಾ ಮನೆತನದ ಕೈಯೇ ಅಂತ," ಎಂದು ಹೇಳುತ್ತಿದ್ದ.

ಆ ಊರಿನಲ್ಲಿ ಅಂದು ಮೊದಲ ಸಲ ಕುರಿಯ ತಲೆಯನ್ನು ಒಬ್ಬ ಮಗಳ ಮುಂದೆ ಇಟ್ಟರು. ತಂದೆಯೇ ಎರಡೂ ಕೈಯಲ್ಲಿ ತಂದು ಇಟ್ಟ. ತಲೆ ಪಡೆದವರು ಅದರ ಕಿವಿ ಕೊಯ್ದು ಮಕ್ಕಳಿಗೆ ಕೊಡಬೇಕೆಂಬುದು ನಮ್ಮ ಪದ್ಧತಿ, ದೊಡ್ಡವರ ಮಾತು ಕೇಳಲಿ ಎಂದು. ಮಕ್ಕಳು ಸಾಲಾಗಿ ಬಂದು ಕೂತರು. ಜಿಪಾರ್ ಒಂದು ಕಿವಿಯನ್ನು ಕೊಯ್ದು ಚೂರು ಮಾಡಿ ಅವರಿಗೆ ಹಂಚಿದಳು. ಇನ್ನೊಂದು ಕಿವಿಯನ್ನು ಇಡಿಯಾಗಿ ಕೊಯ್ದು ಕೈಯಲ್ಲಿ ಹಿಡಿದು ಸುತ್ತ ನೋಡಿದಳು.

ಚಾಪೆಯ ತೀರಾ ಅಂಚಿನಲ್ಲಿ, ತಲೆಯ ಮೇಲೆ ಇನ್ನೂ ಒಂದಿಷ್ಟು ಬೆರಣಿ ಹೊತ್ತುಕೊಂಡು, ಕಲ್ಮುರ್ಜಾ ಮುಖ ಹುಳ್ಳಗೆ ಮಾಡಿಕೊಂಡು ಕೂತಿದ್ದ.

"ಬನ್ನಿ ಇಲ್ಲಿ," ಎಂದಳು ಜಿಪಾರ್. ಅವಳು ನಗುತ್ತಿದ್ದಳು. ಐದು ವರ್ಷದಲ್ಲಿ ಅವಳು ಅಷ್ಟು ನಕ್ಕದ್ದನ್ನು ಅತ್ತೆ ನೋಡಿರಲಿಲ್ಲವಂತೆ.

ಕಲ್ಮುರ್ಜಾ ಎದ್ದು ಬಂದು ಮಕ್ಕಳ ಸಾಲಿನ ಕೊನೆಯಲ್ಲಿ ಕೂತು ಎರಡೂ ಕೈ ಚಾಚಿದ. ಜಿಪಾರ್ ಕಿವಿಯನ್ನು ಅವನ ಅಂಗೈಗೆ ಹಾಕಿದಳು. ಅವನು ತಲೆ ತಗ್ಗಿಸಿ ಅದನ್ನು ಪೂರ್ತಿ ತಿಂದು, ಬೆರಳು ನೆಕ್ಕಿ, "ಹೇಳು, ಕೇಳಿಸ್ತಾ ಇದೆ," ಎಂದ.